ಬೀಗವಿಲ್ಲದ ಹನ್ನೆರಡು ದಿನ

ಆ ಬೇಸಿಗೆಯಲ್ಲಿ ನನ್ನ ಸರ್ವರ್ ದಿನಕ್ಕೊಮ್ಮೆಯಾದರೂ ನಿಲ್ಲುತ್ತಿತ್ತು. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ, ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ನಾನು ಮೂವತ್ತೆಂಟು ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದೆ. ಸರ್ವರ್ ಇದ್ದದ್ದು ಸಮುದ್ರದಾಚೆಯ ಯಾವುದೋ ಡೇಟಾ ಸೆಂಟರಿನಲ್ಲಿ. ನನ್ನ ಹತ್ತಿರ ಇದ್ದದ್ದು ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ, ಕರೆಂಟು ಹೋದರೆ ನಲವತ್ತು ನಿಮಿಷ ತಡೆಯುವ ಒಂದು ಯುಪಿಎಸ್, ಮತ್ತು ಆ ದೂರದ ಯಂತ್ರಕ್ಕೆ ಆಜ್ಞೆ ಕಳಿಸುವ ಕಪ್ಪು ಪರದೆ.

ಕಾಲೇಜೊಂದು ತನ್ನ ಪರೀಕ್ಷೆಯ ಫಲಿತಾಂಶವನ್ನು ನಮ್ಮ ಸರ್ವರಿನಲ್ಲಿ ಹಾಕಿತ್ತು. ಮಕ್ಕಳು, ಮಕ್ಕಳ ಅಪ್ಪಂದಿರು, ಸೈಬರ್ ಸೆಂಟರಿನವರು ಎಲ್ಲರೂ ಒಟ್ಟಿಗೆ ನುಗ್ಗಿದರೆ ಸರ್ವರಿನ ಮೆಮೊರಿ ತುಂಬಿ ಅದು ಉಸಿರುಗಟ್ಟಿದಂತಾಗುತ್ತಿತ್ತು. ಕಾಲೇಜಿನ ಪುಟದ ಜೊತೆಗೆ ಉಳಿದ ಮೂವತ್ತೇಳೂ ನಿಲ್ಲುತ್ತಿದ್ದವು. ಹರಪನಹಳ್ಳಿಯ ವಾರಪತ್ರಿಕೆಯ ಸಂಪಾದಕರಂತೂ ಫೋನೆತ್ತಿದ ಕೂಡಲೇ, "ಏನ್ರೀ, ಇವತ್ತೂ ಮಲಗೈತೇನು ನಿಮ್ಮ ಯಂತ್ರ?" ಎಂದೇ ಮಾತು ಶುರು ಮಾಡುತ್ತಿದ್ದರು.

ಕಾರಣ ನನಗೆ ಗೊತ್ತಿತ್ತು. ನಮ್ಮ ಸರ್ವರಿನಲ್ಲಿ ಪುಟಗಳನ್ನು ಹಂಚುವ ತಂತ್ರಾಂಶ ಅಪಾಚೆ. ನಾನು ಅದನ್ನು ನಡೆಸುತ್ತಿದ್ದ ರೀತಿಯಲ್ಲಿ, ಬಂದ ಪ್ರತಿಯೊಬ್ಬ ಓದುಗನಿಗೂ ಅದು ಒಂದೊಂದು ಪ್ರತ್ಯೇಕ ಪ್ರಕ್ರಿಯೆಯನ್ನು ಎಬ್ಬಿಸಿ ಕೂರಿಸುತ್ತಿತ್ತು. ಇಪ್ಪತ್ತೈದು ಮೂವತ್ತು ಜನ ಒಮ್ಮೆಲೇ ಬಂದರೆ ಮುಗಿಯಿತು. ಆಗ ಹೊಸದಾಗಿ ಹೆಸರು ಕೇಳಿಬರುತ್ತಿದ್ದದ್ದು ಎಂಜಿನ್‌ಎಕ್ಸ್. ಕಡಿಮೆ ಮೆಮೊರಿಯಲ್ಲಿ ನೂರಾರು ಜನರನ್ನು ಸಂಭಾಳಿಸುತ್ತದೆ ಎಂದು ಓದಿದ್ದೆ. ಸುತ್ತಲಿನ ಐದು ತಾಲೂಕಿನಲ್ಲಿ ಅದನ್ನು ಬಳಸಿದವರು ಯಾರೂ ಇರಲಿಲ್ಲ. ನಾನೇ ಮೊದಲನೆಯವನಾಗಬೇಕೆಂಬ ಆಸೆಯೂ ಇತ್ತು. ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಡೆಯುತ್ತಿರುವ ಸರ್ವರಿನಲ್ಲಿ ತಂತ್ರಾಂಶ ಬದಲಿಸುವುದು ಓಡುತ್ತಿರುವ ಬಸ್ಸಿನ ಗಾಲಿ ಬದಲಿಸುವಂಥ ಕೆಲಸ. ಅದಕ್ಕೇ ನಿಧಾನವಾಗಿ, ಕ್ರಮವಾಗಿ ಮಾಡಿದೆ. ಮೊದಲು ಎಂಜಿನ್‌ಎಕ್ಸನ್ನು ಪಕ್ಕದ ಬೇರೊಂದು ಬಾಗಿಲಿನಲ್ಲಿ, ಅಂದರೆ ಎಂಟು ಸಾವಿರದ ಎಂಬತ್ತನೇ ಪೋರ್ಟಿನಲ್ಲಿ ಎಬ್ಬಿಸಿದೆ. ಹೊರಗಿನವರು ಎಂದಿನಂತೆ ಅಪಾಚೆಯ ಬಾಗಿಲಿಗೆ ಬರುತ್ತಿದ್ದರು. ನಾನು ಮಾತ್ರ ಹೊಸ ಬಾಗಿಲಿನಿಂದ ಒಳಗೆ ಹೋಗಿ ನೋಡುತ್ತಿದ್ದೆ.

ದೊಡ್ಡ ತೊಡಕು ಒಂದೇ. ಅಪಾಚೆಯಲ್ಲಿ ಪ್ರತಿ ಫೋಲ್ಡರಿನೊಳಗೂ ಚುಕ್ಕೆಯಿಂದ ಶುರುವಾಗುವ ಹೆಸರಿನ ಒಂದು ಸಣ್ಣ ಕಡತ ಇಡಬಹುದು. ಆ ಫೋಲ್ಡರಿಗೆ ಏನು ನಿಯಮ ಎಂಬುದನ್ನು ಆ ಕಡತದಲ್ಲಿ ಬರೆದರೆ ಅಪಾಚೆ ಓದಿ ಪಾಲಿಸುತ್ತದೆ. ಎಂಜಿನ್‌ಎಕ್ಸ್ ಆ ಕಡತವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲ ನಿಯಮಗಳನ್ನೂ ಅದರ ಭಾಷೆಗೆ ಬದಲಿಸಿ, ಅದರ ಮುಖ್ಯ ಕಡತದಲ್ಲಿ ನಾವೇ ಬರೆಯಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವಂತಿದ್ದರೆ ಈ ಕಥೆಯಲ್ಲಿ ನನ್ನ ಪಾಲು ಸ್ವಲ್ಪ ಹಗುರಾಗುತ್ತಿತ್ತು.

ಅಂಥ ಕಡತಗಳು ಎಲ್ಲೆಲ್ಲಿವೆ ಎಂದು ಹುಡುಕಿದೆ. ಹಾಗೆ ಹುಡುಕುವಾಗ, ವಿಳಾಸಗಳನ್ನು ತಿರುಗಿಸುವ, ಅಂದರೆ ಒಂದು ವಿಳಾಸ ಕೇಳಿದವರನ್ನು ಇನ್ನೊಂದು ಪುಟಕ್ಕೆ ಕಳಿಸುವ, ನಿಯಮದ ಪದ ಇರುವ ಕಡತಗಳನ್ನು ಮಾತ್ರ ತೋರಿಸು ಎಂದು ಆಜ್ಞೆ ಕೊಟ್ಟೆ. ಸೈಟು ಕೆಡುವುದು ಆ ನಿಯಮ ತಪ್ಪಿದರೆ ಮಾತ್ರ ಎಂಬ ಎಣಿಕೆ ನನ್ನದು. ಏಳು ಸೈಟುಗಳ ಪಟ್ಟಿ ಬಂತು. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡು ನಾಲ್ಕು ದಿನ ಕುಳಿತು ಒಂದೊಂದನ್ನೇ ಬದಲಿಸಿದೆ. ಕರೆಂಟು ಹೋದಾಗ ಪೆನ್ನಿನಲ್ಲಿ ಬರೆದೆ, ಬಂದಾಗ ಟೈಪ್ ಮಾಡಿದೆ. ಬದಲಿಸಿದ ಮೇಲೆ ಮೂವತ್ತೆಂಟೂ ಸೈಟುಗಳನ್ನು ಹೊಸ ಬಾಗಿಲಿನಿಂದ ತೆರೆದು ನೋಡಿ, ಪಟ್ಟಿಯಲ್ಲಿ ಸರಿ ಗುರುತು ಹಾಕಿದೆ. ತೆರೆಯಬೇಕಾದದ್ದು ತೆರೆಯುತ್ತದೆಯೇ ಎಂದು ನೋಡಿದೆ. ಮುಚ್ಚಿರಬೇಕಾದದ್ದು ಮುಚ್ಚಿದೆಯೇ ಎಂದು ನೋಡಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮುಚ್ಚಿರಬೇಕಾದದ್ದು ಇಡೀ ಸರ್ವರಿನಲ್ಲಿ ಒಂದೇ ಒಂದಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ವಧು-ವರ ಕೇಂದ್ರ ನಡೆಸುತ್ತಿದ್ದರು. ಊರಿನವರಿಗೆಲ್ಲ ಅವರು ಅಕ್ಕಾವ್ರು. ಆ ಕೇಂದ್ರಕ್ಕೆ ಬರುತ್ತಿದ್ದವರು ಮೊದಲ ಮದುವೆಯವರಲ್ಲ. ಗಂಡ ತೀರಿಕೊಂಡವರು, ಹೆಂಡತಿ ತೀರಿಕೊಂಡವರು, ಬಿಟ್ಟು ಬಂದವರು. ಹೆಣ್ಣುಮಕ್ಕಳಂತೂ ಬೆಂಗಳೂರಿಗೋ ಬಳ್ಳಾರಿಗೋ ಬೇರೆ ಕೆಲಸದ ನೆಪ ಹೇಳಿ ಮನೆಯಿಂದ ಹೊರಟು ಇಲ್ಲಿಗೆ ಬಂದು ಹೆಸರು ಬರೆಸಿ ಹೋಗುತ್ತಿದ್ದರು. ಅವರ ಫೋಟೊ, ವಿವರಗಳ ಪುಟಗಳನ್ನು ನಾನು ಒಂದು ಫೋಲ್ಡರಿನಲ್ಲಿಟ್ಟು ಪಾಸ್‌ವರ್ಡ್ ಹಾಕಿ ಕೊಟ್ಟಿದ್ದೆ. ಅಕ್ಕಾವ್ರು ಅಂದು ನನ್ನನ್ನು ಮೂರು ಸಲ ಕೇಳಿದ್ದರು:

"ತಮ್ಮಾ, ಇದು ಕಂಡಕಂಡವರಿಗೆ ಕಾಣಂಗಿಲ್ಲ ಹೌದಿಲ್ಲೋ?"

"ಬೀಗ ಹಾಕೀನ್ರಿ ಅಕ್ಕಾವ್ರ. ಕೀಲಿಕೈ ನಿಮ್ಮ ಕೈಯಾಗ ಐತಿ."

ಆ ಬೀಗ ಕೂಡ ಚುಕ್ಕೆಯ ಹೆಸರಿನ ಅಂಥದೇ ಒಂದು ಕಡತದಲ್ಲಿತ್ತು. ಅದರಲ್ಲಿ ವಿಳಾಸ ತಿರುಗಿಸುವ ಪದ ಇರಲಿಲ್ಲ. ಹಾಗಾಗಿ ಗೋಡೆಯ ಮೇಲಿನ ಏಳರ ಪಟ್ಟಿಯಲ್ಲಿ ಅದು ಬರಲಿಲ್ಲ.

ಬದಲಾವಣೆಗೆ ಭಾನುವಾರ ಮಧ್ಯಾಹ್ನ ಎರಡು ಗಂಟೆಯನ್ನು ಆರಿಸಿಕೊಂಡೆ. ಓದುಗರು ಕಡಿಮೆ ಇರುವ ಹೊತ್ತು. ಅಪಾಚೆಯನ್ನು ನಿಲ್ಲಿಸಿದೆ, ಎಂಜಿನ್‌ಎಕ್ಸನ್ನು ಮುಖ್ಯ ಬಾಗಿಲಿಗೆ ತಂದೆ. ಬಾಗಿಲು ಇನ್ನೂ ಬೇರೆಯವರ ಕೈಯಲ್ಲಿದೆ ಎಂದು ಅದು ನಿರಾಕರಿಸಿತು. ಅಪಾಚೆಯ ಎರಡು ಪ್ರಕ್ರಿಯೆಗಳು ಸಾಯದೆ ಕುಳಿತಿದ್ದವು. ಅವನ್ನು ಬಲವಂತವಾಗಿ ಮುಗಿಸಿದೆ. ಈ ಸಲ ಎದ್ದಿತು. ಆದರೆ ವಾರಪತ್ರಿಕೆಯ ಸೈಟು ತೆರೆದರೆ ಪುಟ ಬರುವ ಬದಲು, ಈ ಕಡತವನ್ನು ಎಲ್ಲಿ ಉಳಿಸಲಿ ಎಂದು ಬ್ರೌಸರ್ ಕೇಳಿತು. ಪುಟ ತಯಾರಿಸುವ ಪ್ರೋಗ್ರಾಮೇ ಹೊರಗೆ ಹೋಗುತ್ತಿತ್ತು. ಬಾಗಿಲು ಬದಲಿಸುವಾಗ ಕಡತದಿಂದ ಒಂದು ಸಾಲು ಬಿಟ್ಟುಹೋಗಿತ್ತು. ಸೇರಿಸಿ ಮತ್ತೆ ಎಬ್ಬಿಸಿದೆ. ಒಟ್ಟು ಆರು ನಿಮಿಷ.

ಆ ಆರು ನಿಮಿಷದ ಗದ್ದಲವನ್ನು ಗೆದ್ದ ಮೇಲೆ ನನಗೆ ಬಂದ ಹೆಮ್ಮೆ ಹೇಳತೀರದು. ಮೆಮೊರಿಯ ಬಳಕೆ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಮೂವತ್ತೆಂಟೂ ಸೈಟು ತಟ್ಟನೆ ತೆರೆಯುತ್ತಿದ್ದವು. ಕೆಳಗಿನ ಹೋಟೆಲಿಗೆ ಹೋಗಿ ಮಿರ್ಚಿ ಮಂಡಕ್ಕಿ ತಿಂದು ಬಂದೆ.

ಮರುದಿನ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅಕ್ಕಾವ್ರ ಕೇಂದ್ರದಿಂದ ಫೋನು ಬಂತು. ಮಾತಾಡಿದ್ದು ಅಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಆಪರೇಟರ್. ಮೂವತ್ತೈದರ ಹತ್ತಿರದ ಹೆಣ್ಣುಮಗಳು. ಅವರೂ ಗಂಡನನ್ನು ಕಳೆದುಕೊಂಡವರೇ. ಹೆಸರು ಬರೆಸಲು ಬಂದು, ಅದನ್ನು ಬಿಟ್ಟು ಕೆಲಸಕ್ಕೆ ಸೇರಿದ್ದರಂತೆ.

"ಸರ್, ಇವತ್ತು ಪಾಸ್‌ವರ್ಡ್ ಕೇಳವಲ್ದು. ಸೀದಾ ಒಳಗ ಹೊಂಟೈತಿ."

ಬೇರೊಬ್ಬರ ಸೈಟಿನ ಮೇಲೆ ಕೈಯಿಟ್ಟುಕೊಂಡಿದ್ದ ನಾನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದೆ, "ಅದು ನಿಮ್ಮ ಕಂಪ್ಯೂಟರ್ ನೆನಪಿಟ್ಟುಕೊಂಡಿರತೈತ್ರಿ. ದಿನಾ ಹಾಕ್ತೀರಲ್ಲ, ಉಳಿಸಿಕೊಂಡೈತಿ. ಈಗ ಸರ್ವರ್ ಹೊಸಾದು, ಎಷ್ಟು ಫಾಸ್ಟ್ ಬರ್ತೈತಿ ನೋಡ್ರಿ."

"ಹಂಗಂತೀರಾ? ಆತು ಬಿಡ್ರಿ ಸರ್."

ಹತ್ತು ಸೆಕೆಂಡಿನಲ್ಲಿ ನಾನೇ ತೆರೆದು ನೋಡಬಹುದಿತ್ತು. ನೋಡಲಿಲ್ಲ.

ಹನ್ನೆರಡನೇ ದಿನ, ಶುಕ್ರವಾರ, ಅಕ್ಕಾವ್ರೇ ಫೋನು ಮಾಡಿದರು. ಹಡಗಲಿ ಕಡೆಯ ಹಳ್ಳಿಯೊಂದರ ಶಾಲೆಯ ಟೀಚರ್ ಒಬ್ಬರು ಅವರಲ್ಲಿ ಹೆಸರು ಬರೆಸಿದ್ದರು. ಗಂಡ ತೀರಿಕೊಂಡು ನಾಲ್ಕು ವರ್ಷ. ಒಬ್ಬಳು ಮಗಳು. ಅತ್ತೆಯ ಮನೆಯಲ್ಲೇ ಇದ್ದರು. ಸರಿಯಾದ ಸಂಬಂಧ ಕಂಡ ಮೇಲೆ ಅತ್ತೆಗೆ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು ಎಂಬುದು ಅವರ ಷರತ್ತು. ಊರಿನ ಹೆಸರು ಹಾಕಿ ಏನನ್ನೋ ಹುಡುಕುತ್ತಿದ್ದ ಯಾರಿಗೋ ಸೈಬರ್ ಸೆಂಟರಿನಲ್ಲಿ ಅವರ ಫೋಟೊ, ವಿವರ ಎಲ್ಲ ಸಿಕ್ಕಿತ್ತು. ಅದರ ಪ್ರಿಂಟು ಮೈದುನನ ಕೈಗೆ ಹೋಗಿತ್ತು. ಆತ ಅದನ್ನು ಹಿಡಿದುಕೊಂಡು ಅಂದು ಬೆಳಿಗ್ಗೆ ಕೇಂದ್ರದ ಬಾಗಿಲಿಗೆ ಬಂದು ಕೂಗಾಡಿ ಹೋಗಿದ್ದ.

"ನಮ್ಮ ಮನಿ ಸೊಸಿ ಫೋಟೊ ಊರ ಮುಂದ ಹರಾಜಿಗೆ ಇಟ್ಟೀರಿ ಅಂದ ತಮ್ಮಾ. ಆಕೀನ್ನ ಮನಿ ಬಿಡಿಸ್ಯಾರ. ಮಗಳನ್ನ ಕರಕೊಂಡು ಹಡಗಲ್ಯಾಗ ರೂಮು ಹಿಡದಾಳ. ಬೀಗ ಹಾಕೀನಿ ಅಂದಿದ್ದೆಲ್ಲೋ?"

ಆಗ ನಾನು ಕೊಟ್ಟ ಉತ್ತರ, ಯೋಚನೆಗೂ ಮೊದಲು ಬಾಯಿಗೆ ಬಂದದ್ದು: "ಯಾರಾದ್ರೂ ಪಾಸ್‌ವರ್ಡ್ ಹೇಳಿರಬೇಕು ನೋಡ್ರಿ ಅಕ್ಕಾವ್ರ."

ಫೋನಿಟ್ಟು ಆ ಫೋಲ್ಡರಿನ ವಿಳಾಸ ಟೈಪ್ ಮಾಡಿದೆ. ಅದನ್ನು ಎಂದೂ ತೆರೆಯದ, ಪಾಸ್‌ವರ್ಡ್ ಉಳಿಸಿರದ ಬೇರೆ ಕಂಪ್ಯೂಟರಿನಲ್ಲಿ. ಏನೂ ಕೇಳಲಿಲ್ಲ. ಸಾಲಾಗಿ ಮುಖಗಳು ಬಂದವು. ಹಣೆ ಬರಿದಾದ ಮುಖಗಳು, ಸ್ಟುಡಿಯೋದ ನೀಲಿ ಪರದೆಯ ಮುಂದೆ ಕುಳಿತು ನಗಲು ಯತ್ನಿಸಿದ ಮುಖಗಳು. ಪ್ರತಿಯೊಂದರ ಕೆಳಗೆ ವಯಸ್ಸು, ಊರು, ಕೆಲಸ, ಗಂಡ ಹೇಗೆ ತೀರಿಕೊಂಡ ಎಂಬುದು. ಟೀಚರ್ ಪುಟದ ಕೊನೆಯಲ್ಲಿ, "ಮಗಳನ್ನು ಸ್ವಂತ ಮಗಳಂತೆ ಕಾಣುವವರಾಗಿರಬೇಕು" ಎಂದಿತ್ತು. ಇದನ್ನು ನೋಡುವ ಹಕ್ಕು ನನಗೂ ಇಲ್ಲ ಅನ್ನಿಸಿ ಕಿಟಕಿ ಮುಚ್ಚಿದೆ.

ಬೀಗ ಹಾಕಲು ಬೇಕಾದದ್ದು ಎರಡೇ ಸಾಲು. ಎಂಜಿನ್‌ಎಕ್ಸಿನ ಕಡತದಲ್ಲಿ ಬರೆದು, ಹೊಸ ಪಾಸ್‌ವರ್ಡಿನ ಕಡತವನ್ನು ತೋರಿಸಿ, ಮತ್ತೆ ಎಬ್ಬಿಸಿದೆ. ಐದು ನಿಮಿಷವೂ ಆಗಲಿಲ್ಲ. ಹುಡುಕುವ ಯಂತ್ರದವರು, ಅಂದರೆ ಸರ್ಚ್ ಎಂಜಿನ್ನಿನವರು, ಉಳಿಸಿಕೊಂಡ ಪ್ರತಿಗಳನ್ನು ತೆಗೆಯಿರಿ ಎಂದು ಅರ್ಜಿ ತುಂಬಿ ಕಳಿಸಿದೆ. ಆಮೇಲೆ ಅಕ್ಕಾವ್ರಿಗೆ ಫೋನು ಮಾಡಿ, "ಹೊಸ ಪಾಸ್‌ವರ್ಡ್ ಹಾಕೀನ್ರಿ. ಈಗ ಭದ್ರ ಐತಿ" ಎಂದೆ. ಅಷ್ಟೇ ಹೇಳಿದೆ. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಮಂಗಳವಾರ ಮಧ್ಯಾಹ್ನ ಆಪರೇಟರ್ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಅವರನ್ನು ನಾನು ಅದೇ ಮೊದಲು ಎದುರಿಗೆ ನೋಡಿದ್ದು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತರು. ನಾನು ಕೆಳಗಿನಿಂದ ಚಹಾ ತರಿಸಿದೆ.

"ಸರ್, ಅಕ್ಕಾವ್ರು ನನ್ನ ಬರಬ್ಯಾಡ ಅಂದಾರ," ಎಂದರು. "ಪಾಸ್‌ವರ್ಡ್ ಯಾರೋ ಹೇಳ್ಯಾರಂತ ನೀವು ಅಂದ್ರಂತ. ಕೇಂದ್ರದಾಗ ಪಾಸ್‌ವರ್ಡ್ ಗೊತ್ತಿದ್ದಾಕಿ ಅಕ್ಕಾವ್ರು ಬಿಟ್ರ ನಾನೊಬ್ಬಾಕೀನ. ಅದೂ ಅಲ್ದ, ಕಂಪ್ಯೂಟರ್ ಪಾಸ್‌ವರ್ಡ್ ಉಳಿಸಿಕೊಂಡಿತ್ತು ಅಂತ ನಾನೇ ಅವರಿಗೆ ಹೇಳಿದ್ನೆಲ್ರಿ. ನೀನ ಉಳಿಸಿಟ್ಟಿ, ಯಾರೋ ಬಂದು ಕುಂತು ನೋಡ್ಯಾರ ಅಂತಾರ."

ನಾನು ಚಹಾದ ಲೋಟವನ್ನು ಅವರ ಕಡೆ ಸರಿಸಿದೆ.

"ಯಾವ ಕಂಪ್ಯೂಟರಿನಿಂದ ಯಾವಾಗ ನೋಡ್ಯಾರ ಅನ್ನೋದು ಸರ್ವರಿನಾಗ ಬರೀತೈತಂತಲ್ರಿ? ಅದೊಂದು ತಗದು ತೋರಸ್ರಿ ಸರ್. ನಾನು ಹೇಳಿಲ್ಲ, ನಮ್ಮ ಆಫೀಸಿನಿಂದ ಹೋಗಿಲ್ಲ ಅಂತ ಗೊತ್ತಾದ್ರ ಸಾಕು. ಕೆಲಸ ಹೋದ್ರ ಹೋಗ್ಲಿ. ನಾನು ಎಂಥಾಕಿ ಅಂತ ಆ ಟೀಚರ್ ತಿಳಕೊಂಡಾರು?"

ಆ ದಾಖಲೆ, ಅಂದರೆ ಲಾಗ್, ಅವರು ಕುಳಿತಿದ್ದ ಜಾಗದಿಂದ ಎರಡಡಿ ದೂರದ ಪರದೆಯಲ್ಲಿತ್ತು. ಶುಕ್ರವಾರವೇ ಅದನ್ನು ತೆರೆದು ಅರ್ಧ ನೋಡಿ ಮುಚ್ಚಿದ್ದೆ.

"ಹಳೇ ಲಾಗ್ ಇರಂಗಿಲ್ರಿ," ಎಂದೆ. "ಅಳಿಸಿ ಹೋಗಿರತಾವ. ನೋಡ್ತೀನಿ."

"ನೋಡ್ರಿ ಸರ್. ನಿಮಗ ಪುಣ್ಯ ಬರತೈತಿ."

ಚಹಾ ಪೂರ್ತಿ ಕುಡಿದು, ಲೋಟವನ್ನು ತಾವೇ ಬಾಗಿಲ ಹೊರಗೆ ಇಟ್ಟು ಹೋದರು. ಅವರು ಬಸ್ ನಿಲ್ದಾಣದ ಕಡೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿದೆ.

ಅಂದು ನಾನು ಮಾಡಿದ ಮೊದಲ ಲೆಕ್ಕ ಎಂಥದೆಂದು ಹೇಳಿಬಿಡುತ್ತೇನೆ. ಡಿಸ್ಕು ತುಂಬಬಾರದೆಂದು, ಪ್ರತಿ ಭಾನುವಾರ ಓಡಿ ಮೂರು ವಾರ ದಾಟಿದ ಲಾಗ್‌ಗಳನ್ನು ಅಳಿಸುವ ಒಂದು ಸಣ್ಣ ಸ್ಕ್ರಿಪ್ಟನ್ನು ಸರ್ವರಿನಲ್ಲಿ ಇಟ್ಟಿದ್ದೆ. ಬರುವ ಭಾನುವಾರಕ್ಕೆ ಬದಲಾವಣೆಯಾಗಿ ಮೂರು ವಾರ ತುಂಬುತ್ತಿತ್ತು. ಅಪಾಚೆಯ ಕಾಲದ ಲಾಗ್ ಪೂರ್ತಿ ಹೋಗುತ್ತಿತ್ತು. ಆಮೇಲೆ ಮೊದಲು ಬೀಗ ಹೇಗಿತ್ತು, ಯಾವಾಗ ಹೋಯಿತು ಎಂದು ಹೋಲಿಸಿ ತೋರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ನಾನೇನೂ ಅಳಿಸಬೇಕಿರಲಿಲ್ಲ. ಐದು ದಿನ ಸುಮ್ಮನೆ ಕುಳಿತಿದ್ದರೆ ಸಾಕಿತ್ತು.

ಬುಧವಾರ ಇಡೀ ದಿನ ಸುಮ್ಮನೆ ಕುಳಿತೆ. ಬಂದ ಫೋನುಗಳಿಗೆಲ್ಲ ನಗುತ್ತ ಉತ್ತರ ಕೊಟ್ಟೆ. ವಾರಪತ್ರಿಕೆಯ ಸಂಪಾದಕರು, "ಈಗ ಭಾರೀ ಛಲೋ ಆಗೈತ್ರಿ ನಿಮ್ಮ ಸರ್ವರ್. ಏನು ಮಾಡಿದ್ರಿ?" ಎಂದು ಕೇಳಿದರು.

ಗುರುವಾರ ಬೆಳಿಗ್ಗೆ ಲಾಗ್ ತೆರೆದೆ. ಯಾಕೆ ತೆರೆದೆ ಎಂದರೆ, ಅದರಲ್ಲಿ ಆಪರೇಟರ ತಪ್ಪೂ ಒಂದಿಷ್ಟು ಸಿಕ್ಕೀತೇನೋ ಎಂಬ ಆಸೆಯಿಂದ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ನಿಜ ಅದೇ.

ಲಾಗಿನಲ್ಲಿ ಒಂದೊಂದು ಭೇಟಿಗೂ ಒಂದೊಂದು ಸಾಲು. ಎಲ್ಲಿಂದ ಬಂದರು, ಎಷ್ಟು ಹೊತ್ತಿಗೆ, ಏನು ಕೇಳಿದರು, ಸರ್ವರ್ ಏನು ಉತ್ತರ ಕೊಟ್ಟಿತು. ಭಾನುವಾರದ ಮೊದಲು ಆ ಫೋಲ್ಡರಿನ ಪ್ರತಿ ಭೇಟಿಯೂ ನಾಲ್ಕುನೂರ ಒಂದು ಎಂಬ ಉತ್ತರದಿಂದ ಶುರುವಾಗುತ್ತಿತ್ತು. ಪಾಸ್‌ವರ್ಡ್ ಕೊಡು ಎಂದು ಅದರ ಅರ್ಥ. ಹುಡುಕುವ ಯಂತ್ರ ಕೂಡ ಬಂದು, ಆ ಉತ್ತರ ಪಡೆದು, ಹಿಂದಿರುಗಿ ಹೋಗಿತ್ತು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋದವರ ಸಾಲಿನಲ್ಲಿ ಬಳಕೆದಾರರ ಹೆಸರು ದಾಖಲಾಗಿತ್ತು. ಭಾನುವಾರ ಎರಡು ಗಂಟೆಯ ನಂತರ ನಾಲ್ಕುನೂರ ಒಂದು ಎಂಬುದು ಎಲ್ಲಿಯೂ ಇಲ್ಲ. ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ. ಬಂದವರೆಲ್ಲ ನೇರವಾಗಿ ಒಳಗೆ.

ಸೋಮವಾರದ ಸಾಲುಗಳಲ್ಲಿ ಒಂದು ಗುಂಪು ಕಣ್ಣಿಗೆ ಬಿತ್ತು. ಕೇಂದ್ರದ ಕಂಪ್ಯೂಟರಿನಿಂದ ಬಂದವು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಒಮ್ಮೆ, ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ, ಮತ್ತೆ ಒಮ್ಮೆ, ಮತ್ತೂ ಒಮ್ಮೆ. ಬೇರೆ ಯಾವ ಪುಟಕ್ಕೂ ಹೋಗಿಲ್ಲ. ಪಾಸ್‌ವರ್ಡ್ ಕೇಳಬೇಕಾದ ಆ ಮೊದಲ ಪುಟವನ್ನೇ ನಾಲ್ಕು ಸಲ ತೆರೆದಿದ್ದರು. ಯಾಕೆ ಕೇಳುತ್ತಿಲ್ಲ ಎಂದು ಮುಚ್ಚಿ, ತೆರೆದು, ಮುಚ್ಚಿ ಪರೀಕ್ಷಿಸಿದ್ದರು. ಹತ್ತೂಕಾಲಿಗೆ ನನಗೆ ಫೋನು ಮಾಡಿದ್ದರು.

ಇಡೀ ಸರ್ವರಿನಲ್ಲಿ ನಾನು ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದವರು ಅವರೊಬ್ಬರೇ. ಅದು ತಪ್ಪಿದೆ ಎಂದು ಹೇಳಿಯೂ ಇದ್ದರು.

ಇನ್ನು ಕುಳಿತಿರಲು ಆಗಲಿಲ್ಲ. ಅಳಿಸುವ ಸ್ಕ್ರಿಪ್ಟನ್ನು ನಿಲ್ಲಿಸಿದೆ. ಬದಲಾವಣೆಗೆ ಮೊದಲಿನ ಒಂದು ವಾರ, ನಂತರದ ಹನ್ನೆರಡು ದಿನ, ಎರಡನ್ನೂ ಬೇರೆ ಮಾಡಿ ಪ್ರಿಂಟ್ ತೆಗೆದೆ. ಹನ್ನೊಂದು ಹಾಳೆ ಆಯಿತು. ಹನ್ನೆರಡು ಗಂಟೆಯ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಗೆ ಹೋದೆ.

ಅಕ್ಕಾವ್ರು ಊಟ ಮಾಡಿ ಕೈ ತೊಳೆಯುತ್ತಿದ್ದರು. "ಬಾ ತಮ್ಮಾ, ಉಣ್ಣು ಬಾ" ಎಂದರು. ನಿಂತಲ್ಲಿಯೇ ಹೇಳಿದೆ.

"ಅಕ್ಕಾವ್ರ, ಪಾಸ್‌ವರ್ಡ್ ಯಾರೂ ಹೇಳಿಲ್ರಿ. ನಾನು ಸರ್ವರ್ ಬದಲು ಮಾಡುವಾಗ ಬೀಗ ಹಾಕೋದು ಬಿಟ್ಟಿದ್ದೆ. ಹನ್ನೆರಡು ದಿನ ತೆರದ ಇತ್ತು."

ಅವರು ಟವೆಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. "ಯಾವಾಗ ಗೊತ್ತಾತು ನಿನಗ?" ಎಂದರು.

"ನೀವು ಫೋನು ಮಾಡಿದ ದಿನಾನ ರಿ."

ಬಯ್ಯಲಿಲ್ಲ. ಪಕ್ಕದ ಓಣಿಗೆ ಹೇಳಿ ಕಳಿಸಿ ಆಪರೇಟರನ್ನು ಕರೆಸಿದರು. ಅವರು ಬಂದು ಬಾಗಿಲ ಹತ್ತಿರವೇ ನಿಂತರು. ಅಕ್ಕಾವ್ರು ನನ್ನ ಕಡೆ ತಿರುಗಿ, "ನನಗ ಹೇಳಿದ್ದು ಆಕಿಗೆ ಹೇಳು," ಎಂದರು. ಹೇಳಿದೆ. ಹಾಳೆಗಳನ್ನು ಮುಂದಿಟ್ಟು, ಸೋಮವಾರದ ನಾಲ್ಕು ಸಾಲುಗಳನ್ನು ತೋರಿಸಿದೆ. ಅವರು ಬಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಮೊನ್ನೆ ನಾನು ನಿಮ್ಮಲ್ಲಿಗೆ ಬಂದಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಗೊತ್ತಿದ್ದೂ ಚಾ ತರಿಸಿ ಕುಡಿಸಿದ್ರಿ."

ಅಕ್ಕಾವ್ರು ಅವರ ಕೈ ಹಿಡಿದುಕೊಂಡು, "ನನ್ನದೂ ತಪ್ಪಾತವ್ವಾ, ಒಂದು ಮಾತು ಕೇಳಲಿಲ್ಲ ನಾನು" ಎಂದು ಅತ್ತರು. ಆಪರೇಟರ್ ಅಳಲಿಲ್ಲ. "ಟೀಚರಿಗೆ ಹೇಳ್ರಿ ಮೊದಲು" ಎಂದಷ್ಟೇ ಹೇಳಿದರು.

ಮೂರು ಗಂಟೆಯ ಹೊತ್ತಿಗೆ ಅಕ್ಕಾವ್ರೂ ನಾನೂ ಹಡಗಲಿಯ ಬಸ್ಸು ಹತ್ತಿದೆವು. ಟೀಚರ್ ರೂಮು ಒಂದು ಹಿಟ್ಟಿನ ಗಿರಣಿಯ ಹಿಂದೆ ಇತ್ತು. ಅವರು ಆಗತಾನೆ ಶಾಲೆಯಿಂದ ಬಂದಿದ್ದರು. ಮಗಳು ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು. ಅವಳನ್ನು ಪಕ್ಕದ ಮನೆಗೆ ಕಳಿಸಿ ಟೀಚರ್ ಚಾಪೆ ಹಾಸಿದರು.

ಮೂರನೇ ಸಲ ಹೇಳಿದೆ. ಹೇಳುವುದು ಮೂರನೇ ಸಲಕ್ಕೂ ಸುಲಭವಾಗಲಿಲ್ಲ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ ನಾನು ಕೈ ಮುಗಿದು, "ತಪ್ಪಾತ್ರಿ ಟೀಚರ್" ಎಂದೆ.

"ತಪ್ಪಾತು ಅನ್ನೋದು ನನಗ ಬ್ಯಾಡ್ರಿ," ಎಂದರು. "ನನ್ನ ಮೈದುನ ಏನಂತಾನ ಗೊತ್ತೇನ್ರಿ? ನಾನಾಗೇ ಜಗತ್ತಿಗೆಲ್ಲ ಕಾಣ್ಲಿ ಅಂತ ಫೋಟೊ ಹಾಕೀನಂತ. ನಾನು ಹಂಗ ಹಾಕಿಲ್ಲ. ಬೀಗ ಐತಿ ಅಂದಿದ್ದಕ್ಕ ಕೊಟ್ಟಿದ್ದೆ. ಅದನ್ನ ಬರದು ಕೊಡ್ರಿ. ಸಹಿ ಹಾಕಿ ಕೊಡ್ರಿ."

ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನು ಕೊಟ್ಟರು. ನಾನು ಬರೆದೆ: "ತಾಂತ್ರಿಕ ಕಾರಣಗಳಿಂದ ಸದರಿ ಪುಟಗಳು ಹನ್ನೆರಡು ದಿನಗಳ ಕಾಲ ಸಾರ್ವಜನಿಕವಾಗಿ ತೆರೆದುಕೊಂಡಿದ್ದವು."

ಟೀಚರ್ ಓದಿದರು. ಹಾಳೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು.

"ಈ ವಾಕ್ಯದಾಗ ಕರ್ತೃ ಯಾರ್ರಿ?"

ನನಗೆ ಅರ್ಥವಾಗಲಿಲ್ಲ.

"ನಾನು ಕನ್ನಡ ಕಲಸಾಕಿ. ಐದನೇ ಇಯತ್ತೆ ಮಕ್ಕಳಿಗೆ ಕೇಳಿದ್ರ ಹೇಳ್ತಾವ. ಪುಟ ತಾವಾಗೇ ತೆರಕೊಂತಾವೇನು? ಯಾರು ತೆರದ್ರು?"

"ನಾನ ರಿ."

"ಮತ್ತ ಹಂಗ ಬರೀರಿ."

ಇನ್ನೊಂದು ಹಾಳೆ. "ನನ್ನ ಕೆಲಸದ ಸಂದರ್ಭದಲ್ಲಿ ಬೀಗ ಬಿಟ್ಟುಹೋಗಿತ್ತು" ಎಂದು ಬರೆದೆ. ಅದನ್ನೂ ಹಿಂದಕ್ಕೆ ಕೊಟ್ಟರು. "ಬಿಟ್ಟುಹೋಗಿತ್ತು ಅಲ್ಲ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ತಪ್ಪು ಉತ್ತರ ಬರೆದ ಹುಡುಗನನ್ನು ತಿದ್ದುವಂತಿತ್ತು. ಅಕ್ಕಾವ್ರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದರು.

ಮೂರನೇ ಹಾಳೆಯಲ್ಲಿ ಬರೆದೆ: "ಇವರು ತಮ್ಮ ಫೋಟೊ ಮತ್ತು ವಿವರಗಳನ್ನು ಬೀಗವಿರುವ ಜಾಗದಲ್ಲಿ ಇಡಲು ಕೊಟ್ಟಿದ್ದರು. ಬೀಗ ಹಾಕಿದ್ದೇನೆಂದು ಹೇಳಿದವನು ನಾನು. ಸರ್ವರ್ ಬದಲಿಸುವಾಗ ಆ ಬೀಗವನ್ನು ನಾನು ತೆಗೆದೆ. ತೆಗೆದದ್ದನ್ನು ನೋಡಲಿಲ್ಲ. ಕೇಂದ್ರದ ಆಪರೇಟರ್ ಮರುದಿನವೇ ತಿಳಿಸಿದಾಗಲೂ ನೋಡಲಿಲ್ಲ. ಗೊತ್ತಾದ ಮೇಲೆ ಆರು ದಿನ ಮುಚ್ಚಿಟ್ಟೆ. ಇದರಲ್ಲಿ ಇವರದಾಗಲಿ, ಕೇಂದ್ರದವರದಾಗಲಿ ತಪ್ಪಿಲ್ಲ."

ಟೀಚರ್ ಅದನ್ನು ಗಟ್ಟಿಯಾಗಿ ಓದಿದರು. ನಾನು ಬರೆದದ್ದನ್ನು ಅವರ ಬಾಯಿಂದ ಕೇಳುವುದು ನನ್ನ ಜೀವನದ ಅತಿ ಉದ್ದದ ಒಂದು ನಿಮಿಷ. "ಈಗ ಸರಿ ಐತಿ," ಎಂದರು. ಮೂರು ಪ್ರತಿ ಬರೆಸಿಕೊಂಡರು. ಒಂದು ಅತ್ತೆಯ ಮನೆಗೆ, ಒಂದು ತಮಗೆ, ಒಂದು ಆಪರೇಟರಿಗೆ. ಮೂರಕ್ಕೂ ಸಹಿ ಹಾಕಿದೆ.

ಹುಡುಕುವ ಯಂತ್ರದಲ್ಲಿ ಆ ಪುಟದ ನೆರಳು ಇನ್ನೂ ಕೆಲವು ವಾರ ಉಳಿದಿತ್ತು. ಹೋಯಿತೇ ಎಂದು ನೋಡಲು ನಾನು ದಿನಾ ಬೆಳಿಗ್ಗೆ ಅವರ ಹೆಸರನ್ನು ಟೈಪ್ ಮಾಡಬೇಕಾಗಿತ್ತು. ಹಾಗೆ ಟೈಪ್ ಮಾಡುವುದೂ ಒಂದು ಅಪರಾಧದಂತೆ ಅನ್ನಿಸುತ್ತಿತ್ತು. ಒಂದು ದಿನ ಏನೂ ಬರಲಿಲ್ಲ. ಮತ್ತೆಂದೂ ಆ ಹೆಸರನ್ನು ಟೈಪ್ ಮಾಡಲಿಲ್ಲ.

ಅಕ್ಕಾವ್ರು ಎಲ್ಲ ಪುಟಗಳನ್ನೂ ಇಂಟರ್‌ನೆಟ್ಟಿನಿಂದ ತೆಗೆಸಿ ಮತ್ತೆ ಆಲ್ಬಮ್ಮು, ರಿಜಿಸ್ಟರಿಗೆ ಹೋದರು. ಆಪರೇಟರನ್ನು ವಾಪಸು ಕರೆದರು. ಅವರು ಒಂದು ತಿಂಗಳು ಬಂದು, ಆಲ್ಬಮ್ಮುಗಳನ್ನೆಲ್ಲ ಜೋಡಿಸಿ ಕೊಟ್ಟು, ಆಮೇಲೆ ಒಂದು ಡಿಟಿಪಿ ಅಂಗಡಿಗೆ ಸೇರಿದರು. ನನ್ನೊಡನೆ ಮತ್ತೆ ಮಾತಾಡಲಿಲ್ಲ. ಪತ್ರವನ್ನು ಟೀಚರ ಅತ್ತೆ ಎರಡು ಸಲ ಓದಿಸಿ ಕೇಳಿದರಂತೆ; ಸೊಸೆಗೆ ವಾಪಸು ಬಾ ಎಂದು ಹೇಳಿ ಕಳಿಸಿದರಂತೆ. ಟೀಚರ್ ಹೋಗಲಿಲ್ಲ, ಹಡಗಲಿಯಲ್ಲೇ ಉಳಿದರು. ಇಷ್ಟು ಅಕ್ಕಾವ್ರು ತಾವಾಗಿಯೇ ನನಗೆ ಹೇಳಿದ್ದು.

ಟೀಚರ್ ಮುಂದೆ ಮದುವೆಯಾದರೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಕಾವ್ರನ್ನು ಕೇಳಿದ್ದರೆ ಹೇಳುತ್ತಿದ್ದರೇನೋ. ಎಷ್ಟೋ ಸಲ ಬಾಯಿಯವರೆಗೆ ಬಂದಿದೆ. ನಾನು ಕೇಳಿಲ್ಲ.